ಕರೆಂಟು ಹೋದರೂ ಉಳಿದ ಕೆಲಸ

2020ರ ಜುಲೈ ತಿಂಗಳ ಒಂದು ಸಂಜೆ. ಗೌಡಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ತಮ್ಮನ ಮಗಳು ಕಂಪ್ಯೂಟರಿನ ಮುಂದೆ ಕುಳಿತು ಏನನ್ನೋ ತದೇಕಚಿತ್ತದಿಂದ ಮಾಡುತ್ತಿದ್ದಳು. ಪರದೆಯ ತುಂಬ ನಮ್ಮ ಶಿರಾ ಸೀಮೆಯ ನಕ್ಷೆ. ಅದರ ಮೇಲೆ ಕೆರೆಗಳ ಅಂಗಳವನ್ನು ನೀಲಿ ಗೆರೆಯಿಂದ ಸುತ್ತುವರಿಯುವ ಕೆಲಸ. ಮಧ್ಯಾಹ್ನದಿಂದ ಕುಳಿತಿದ್ದಳು. ಹೊರಗೆ ಗಾಳಿ ಎದ್ದಿತು, ಎಲ್ಲಿಯೋ ತಂತಿ ತಗುಲಿತೋ ಏನೋ, ಕರೆಂಟು ಹೋಯಿತು. ಪರದೆ ಕಪ್ಪಾಯಿತು. ನನ್ನ ಎದೆ ಧಸಕ್ಕೆಂದಿತು.

"ಅಯ್ಯೋ, ಮಧ್ಯಾಹ್ನದಿಂದ ಮಾಡಿದ್ದೆಲ್ಲ ಹೋಯ್ತಲ್ಲಮ್ಮ!" ಎಂದೆ.

"ಇಲ್ಲ ದೊಡ್ಡಪ್ಪ, ಏನೂ ಹೋಗಿಲ್ಲ. ಕರೆಂಟು ಬರ್ಲಿ ತೋರಿಸ್ತೀನಿ," ಎಂದು ಅವಳು ನಿಶ್ಚಿಂತೆಯಿಂದ ಎದ್ದು ಅಡುಗೆಮನೆಗೆ ಹೋದಳು.

ನನ್ನ ಆತಂಕಕ್ಕೆ ಕಾರಣವಿತ್ತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನೆನಪಿರಬಹುದು. 2003ರಲ್ಲಿ, ಆಗ ನಾನಿದ್ದ ಶಾಲೆಗೆ ಕಂಪ್ಯೂಟರು ಬಂದ ಹೊಸತರಲ್ಲಿ, ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಅದರಲ್ಲಿಯೇ ತುಂಬಬೇಕೆಂಬ ಹುಮ್ಮಸ್ಸು ನನಗೆ ಬಂದಿತ್ತು. ನೂರಹನ್ನೆರಡು ಮಕ್ಕಳು, ಆರು ವಿಷಯ. ಒಂದೊಂದೇ ಬೆರಳಿನಿಂದ ಕೀಲಿ ಒತ್ತುತ್ತ ಮೂರು ಗಂಟೆ ಕಾಲ ತುಂಬಿದೆ. ಕೊನೆಯ ಹತ್ತು ಹೆಸರು ಉಳಿದಿರುವಾಗ ಕರೆಂಟು ಹೋಯಿತು. ಬ್ಯಾಟರಿ ಪೆಟ್ಟಿಗೆ ಒಮ್ಮೆ ಕೀಂವ್ ಎಂದು ಸುಮ್ಮನಾಯಿತು. ನಡುನಡುವೆ 'ಸೇವ್' ಮಾಡಬೇಕೆಂಬ ಬುದ್ಧಿ ನನಗೆ ಇರಲಿಲ್ಲ. ಮಾರನೆಯ ದಿನ ಮತ್ತೆ ಮೊದಲಿನಿಂದ ತುಂಬಿದೆ, ಈ ಸಲ ಪಕ್ಕದಲ್ಲಿ ಕೈಬರಹದ ರಿಜಿಸ್ಟರು ಇಟ್ಟುಕೊಂಡು. ಅಂದಿನಿಂದ ನಿವೃತ್ತಿಯಾಗುವವರೆಗೂ ಆ ರಿಜಿಸ್ಟರು ನನ್ನ ಕೈಬಿಡಲಿಲ್ಲ.

ಆ ಸಂಜೆ ಸುಮಾರು ಒಂದೂವರೆ ಗಂಟೆಯ ಮೇಲೆ ಕರೆಂಟು ಬಂದಿತು. ಮಗು ಕಂಪ್ಯೂಟರು ಹಾಕಿ, ಮೊಬೈಲಿನಿಂದ ಇಂಟರ್‌ನೆಟ್ ಜೋಡಿಸಿ, ಒಂದು ಸಾಲು ಆಜ್ಞೆ ಟೈಪು ಮಾಡಿದಳು. ಅರೆ ನಿಮಿಷದಲ್ಲಿ ಅದೇ ಕಿಟಕಿ, ಅದೇ ನಕ್ಷೆ, ಅವಳು ಅರ್ಧ ಎಳೆದು ಬಿಟ್ಟಿದ್ದ ಅದೇ ನೀಲಿ ಗೆರೆ! ಬಾಣದ ಗುರುತು ಕೂಡ ಎಲ್ಲಿತ್ತೋ ಅಲ್ಲೇ ಇತ್ತು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ.

"ಪ್ರೋಗ್ರಾಮು ಇಲ್ಲಿ ನಡೀತಾನೇ ಇರ್ಲಿಲ್ಲ ದೊಡ್ಡಪ್ಪ. ಅದು ಬೆಂಗಳೂರಲ್ಲಿ ನಮ್ಮ ಲ್ಯಾಬಿನ ಕಂಪ್ಯೂಟರಲ್ಲಿ ನಡೀತಿದೆ. ಇಲ್ಲಿ ಕಾಣಿಸ್ತಿದ್ದುದು ಅದರ ಕಿಟಕಿ ಮಾತ್ರ. ಕಿಟಕಿ ಮುಚ್ಚಿಕೊಂಡರೆ ಮನೆ ಬಿದ್ದುಹೋಗುತ್ತಾ?"

ಸಮಾಜ ವಿಜ್ಞಾನದ ಮೇಷ್ಟರಾದ ನನಗೆ ಒಂದು ವಸ್ತುವನ್ನು ಕಂಡರೆ ಅದರ ಚರಿತ್ರೆಯನ್ನು ಕೆದಕದೆ ಸಮಾಧಾನವಿಲ್ಲ. ಲಾಕ್‌ಡೌನಿನ ಆ ತಿಂಗಳುಗಳಲ್ಲಿ ಅವಳಿಂದ ಕೇಳಿ, ಆಮೇಲೆ ನಾನೇ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಬೆಂಗಳೂರಿನ, ಅಮೆರಿಕದ ಕಂಪನಿಗಳಲ್ಲಿ ಇದೇ ಕಸುಬಿನಲ್ಲಿದ್ದೀರಿ. ಮೇಷ್ಟರು ತಪ್ಪಿದ ಕಡೆ ಕೆಂಪು ಶಾಯಿ ಹಾಕುವ ಅಧಿಕಾರ ಈಗ ನಿಮ್ಮದು.

ಮೊದಲು ಅವಳ ಪರಿಸ್ಥಿತಿಯನ್ನು ಹೇಳಬೇಕು. 2020ರ ಮಾರ್ಚ್ 25ರಂದು ದೇಶವೆಲ್ಲ ಮುಚ್ಚಿದಾಗ ಎರಡು ಜೊತೆ ಬಟ್ಟೆಯೊಂದಿಗೆ ಊರಿಗೆ ಬಂದಿದ್ದಳು. ಸಂಶೋಧನೆಯ ಕೊನೆಯ ವರ್ಷ. ಅವಳ ವಿಷಯ ಒಣನಾಡಿನ ಕೆರೆಗಳು: ಯಾವ ಕೆರೆಯಲ್ಲಿ ಯಾವ ವರ್ಷ ಎಷ್ಟು ನೀರು ನಿಂತಿತೆಂಬುದನ್ನು ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕುವುದು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2015ರಲ್ಲಿ ಮತ್ತು 2017ರಲ್ಲಿ ಹಾರಿಸಿದ ಸೆಂಟಿನೆಲ್-2 ಎಂಬ ಜೋಡಿ ಉಪಗ್ರಹಗಳು ಆಗ ಐದು ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ತೆಗೆಯುತ್ತಿದ್ದವು. 10 ಮೀಟರಿನಷ್ಟು ಸಣ್ಣದೂ ಅದರಲ್ಲಿ ಒಂದು ಚುಕ್ಕೆಯಾಗಿ ಕಾಣುತ್ತದೆ. ಚಿತ್ರಗಳು ಎಲ್ಲರಿಗೂ ಉಚಿತ. ಆದರೆ ಒಂದೊಂದೂ ಅರ್ಧ ಜಿಬಿಗಿಂತ ಹೆಚ್ಚು ಭಾರ. ಅಂಥವು ಸಾವಿರಗಟ್ಟಲೆ ಅವಳಿಗೆ ಬೇಕು. ನಮ್ಮ ಮಾಳಿಗೆಯ ಮೇಲೆ ಮೊಬೈಲು ಹಿಡಿದು ನಿಂತರೆ ಸಿಗುವ ಇಂಟರ್‌ನೆಟ್ಟಿನಲ್ಲಿ ಅವನ್ನು ಇಳಿಸಿಕೊಳ್ಳುವುದೆಂದರೆ ಸೇರಿನಿಂದ ಕೆರೆ ತುಂಬಿಸಿದ ಹಾಗೆ. ಇಳಿಸಿಕೊಂಡರೂ ನನ್ನ ಹಳೆಯ ಪೆಟ್ಟಿಗೆಯಲ್ಲಿ ಅವನ್ನು ತೆರೆಯಲು ಶಕ್ತಿಯಿಲ್ಲ. ಬೆಂಗಳೂರಿಗೆ ಹಿಂತಿರುಗೋಣವೆಂದರೆ ನನ್ನ ತಮ್ಮನಿಗೆ ಆ ವರ್ಷ ಆರೋಗ್ಯ ಸರಿಯಿರಲಿಲ್ಲ, ಮನೆಯಲ್ಲಿ ಕಡಲೆಕಾಯಿ ಬಿತ್ತನೆಯ ಕೆಲಸವೂ ಅವಳ ತಾಯಿಯ ತಲೆಯ ಮೇಲೆ ಬಿದ್ದಿತ್ತು. ಹೀಗಾಗಿ ಅವಳ ಪಿಎಚ್.ಡಿ. ಎಂಬುದು ಆ ಒಂದು ಕಿಟಕಿಯ ಮೇಲೆ ನಿಂತಿತ್ತು.

ಈಗ ಚರಿತ್ರೆಗೆ ಬರುತ್ತೇನೆ.

ಕಂಪ್ಯೂಟರುಗಳ ಮೊದಲ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ ಎಂಬುದು ನನಗೆ ಅಚ್ಚರಿ ತಂದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ಸುಮಾರಿಗೆ ಕಂಪ್ಯೂಟರ್ ಕೇಂದ್ರ ಆರಂಭವಾದಾಗ ಅಲ್ಲಿದ್ದುದು ಐಬಿಎಂ 360/44 ಎಂಬ ಯಂತ್ರ. ಅಂದಿನ ಕ್ರಮವೆಂದರೆ, ಲೆಕ್ಕವನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಮಾಡಿ, ಕಟ್ಟು ಕಟ್ಟಿ, ಕಿಂಡಿಯಲ್ಲಿ ಕೊಟ್ಟು ಮನೆಗೆ ಹೋಗುವುದು; ಮಾರನೆಯ ದಿನ ಬಂದು ಕಾಗದದ ಮೇಲಿನ ಉತ್ತರ ತೆಗೆದುಕೊಳ್ಳುವುದು. ಗಿರಣಿಯಲ್ಲಿ ರಾಗಿ ಚೀಲ ಇಟ್ಟುಬಂದ ಹಾಗೆ. ಕೊಟ್ಟವನು ಊಟ ಮಾಡುತ್ತಿದ್ದನೋ, ನಿದ್ರೆ ಹೋಗಿದ್ದನೋ, ಗಿರಣಿಗೆ ಅದರ ಪರಿವೆಯಿಲ್ಲ. ತಪ್ಪೊಂದು ಬಂದರೆ ಮತ್ತೊಂದು ದಿನ ಹಾಳು, ಅದು ನಿಜ. ಆದರೆ ಮನುಷ್ಯ ಮಾತ್ರ ಯಂತ್ರಕ್ಕೆ ಕಟ್ಟುಬಿದ್ದಿರಲಿಲ್ಲ.

ಕಟ್ಟು ಬಿದ್ದದ್ದು ಆಮೇಲೆ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫೆರ್ನಾಂಡೊ ಕಾರ್ಬಟೊ ಎಂಬವರು ಒಂದೇ ದೊಡ್ಡ ಯಂತ್ರದ ಕಾಲವನ್ನು ಹಲವರಿಗೆ ಚೂರುಚೂರಾಗಿ ಹಂಚುವ ವ್ಯವಸ್ಥೆಯನ್ನು ತೋರಿಸಿದರು. ಪ್ರತಿಯೊಬ್ಬನ ಮುಂದೆಯೂ ಒಂದು ಟರ್ಮಿನಲ್. ಕೇಳಿದ ಕೂಡಲೇ ಉತ್ತರ. ಇದು ದೊಡ್ಡ ಮುನ್ನಡೆ, ಸಂದೇಹವಿಲ್ಲ. ಆದರೆ ಇದರೊಂದಿಗೆ ಒಂದು ಹೊಸ ದೌರ್ಬಲ್ಯವೂ ಹುಟ್ಟಿಕೊಂಡಿತು. ನಿನ್ನ ಮತ್ತು ಯಂತ್ರದ ನಡುವಿನ ತಂತಿ ತುಂಡಾದರೆ ನೀನು ಎದ್ದು ಹೋದೆಯೆಂದು ಭಾವಿಸಿ ಯಂತ್ರವು ನಿನ್ನ ಕೆಲಸವನ್ನು ಮುಗಿಸಿಬಿಡುತ್ತಿತ್ತು. ಕಾರ್ಡಿನ ಕಾಲದವನಿಗಿದ್ದ ನಿಶ್ಚಿಂತೆ ಹೋಯಿತು.

ಮುಂದೆ ಅಕ್ಷರಗಳ ಬದಲು ಚಿತ್ರ, ಕಿಟಕಿ, ಬಾಣದ ಗುರುತುಗಳ ಕಾಲ ಬಂದಿತು. 1983ರಲ್ಲಿ ಎಂಐಟಿಯಲ್ಲಿ ಅಥೀನಾ ಎಂಬ ಯೋಜನೆ ಶುರುವಾಯಿತು. ವಿದ್ಯಾರ್ಥಿಯು ಆವರಣದ ಯಾವ ಯಂತ್ರದ ಮುಂದೆ ಕುಳಿತರೂ ಅವನ ಕೆಲಸ ಅವನಿಗೆ ಸಿಗಬೇಕೆಂಬುದು ಅದರ ಆಶಯ. ಅದಕ್ಕಾಗಿ 1984ರಲ್ಲಿ ಬಾಬ್ ಷೈಫ್ಲರ್ ಮತ್ತು ಜಿಮ್ ಗೆಟಿಸ್ ಎಂಬವರು ಕಿಟಕಿಗಳ ಒಂದು ವ್ಯವಸ್ಥೆಯನ್ನು ಕಟ್ಟಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಅದಕ್ಕೂ ಹಿಂದೆ 'ಡಬ್ಲ್ಯು' ಎಂಬ ವ್ಯವಸ್ಥೆಯಿತ್ತು, ಇವರು ಅದರ ಮುಂದಿನ ಅಕ್ಷರವಾದ 'ಎಕ್ಸ್' ಎಂದು ಹೆಸರಿಟ್ಟರು. ನಾಮಕರಣಕ್ಕೆ ಇಷ್ಟು ಕಡಿಮೆ ಯೋಚಿಸಿದ ಬೇರೊಂದು ಉದಾಹರಣೆ ನನಗೆ ಸಿಕ್ಕಿಲ್ಲ. 1987ರ ಸೆಪ್ಟೆಂಬರಿನಲ್ಲಿ ಅದರ 11ನೆಯ ಆವೃತ್ತಿ ಹೊರಬಂದಿತು. ಆ ಹನ್ನೊಂದೇ ಇಂದಿಗೂ ಕೊನೆಯದು.

ಎಕ್ಸ್‌ನ ವಿಶೇಷವೆಂದರೆ ಪ್ರೋಗ್ರಾಮು ಒಂದು ಯಂತ್ರದಲ್ಲಿ ನಡೆಯಬಹುದು, ಅದರ ಕಿಟಕಿ ಬೇರೊಂದು ಯಂತ್ರದಲ್ಲಿ ತೆರೆಯಬಹುದು. ಇದನ್ನು ನಾನು ಅರ್ಥ ಮಾಡಿಕೊಂಡದ್ದು ತೊಗಲುಬೊಂಬೆ ಆಟದಿಂದ. ಗಡಿಯಾಚೆ, ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ಈಗಲೂ ತೊಗಲುಬೊಂಬೆ ಮಾಡುವವರಿದ್ದಾರೆ. ನಮ್ಮ ಬಾಲ್ಯದಲ್ಲಿ ಮಳೆ ಬಾರದ ವರ್ಷ ಆಟ ಆಡಿಸುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ಕಥೆ ಹೇಳುವವನು ಬೆಂಗಳೂರಿನಲ್ಲಿದ್ದಾನೆ, ಪರದೆ ಮತ್ತು ದೀಪ ಗೌಡಗೆರೆಯಲ್ಲಿವೆ ಎಂದುಕೊಳ್ಳಿ. "ಈಗ ರಾವಣನನ್ನು ಎಡಕ್ಕೆ ತಾ, ಈಗ ಹನುಮಂತನನ್ನು ಏರಿಸು" ಎಂದು ಅವನು ಅಲ್ಲಿಂದ ಹೇಳುತ್ತಾನೆ. ಇಲ್ಲಿ ಬೊಂಬೆ ಆಡಿಸುವವನು ಹಾಗೆಯೇ ಮಾಡುತ್ತಾನೆ. ಎಕ್ಸ್‌ನ ಪರಿಭಾಷೆಯಲ್ಲಿ ಇಲ್ಲಿನ ಪರದೆಯವನೇ 'ಸರ್ವರ್', ಅಲ್ಲಿನ ಕಥೆಗಾರನೇ 'ಕ್ಲೈಂಟ್'. ಸರ್ವರ್ ಎಂದರೆ ದೂರದ ದೊಡ್ಡ ಯಂತ್ರ ಎಂದು ತಿಳಿದಿರುವ ನಮಗೆ ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ಪರದೆ, ಕೀಲಿಮಣೆಗಳ ಸೇವೆ ಒದಗಿಸುವವನು ಸರ್ವರ್ ಎಂಬ ಅರ್ಥದಲ್ಲಿ ಸರಿಯೇ.

ತೊಂದರೆಯಿದ್ದುದು ಇಲ್ಲಿಯೇ. ಗೌಡಗೆರೆಯಲ್ಲಿ ದೀಪ ಆರಿದರೆ ಬೆಂಗಳೂರಿನ ಕಥೆಗಾರ ಏನು ಮಾಡಬೇಕು? ತನ್ನ ಮಾತಿಗೆ ಕಿವಿಯೇ ಇಲ್ಲವಾಯಿತೆಂದು ಅವನು ಅಲ್ಲಿಯೇ ಪ್ರಾಣ ಬಿಡುತ್ತಿದ್ದ! ಇದು ಉತ್ಪ್ರೇಕ್ಷೆಯಲ್ಲ. ಎಕ್ಸ್ ಸರ್ವರಿನ ಸಂಪರ್ಕ ಕಡಿದರೆ ಪ್ರೋಗ್ರಾಮು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಕರೆಂಟು ಹೋಗದ, ತಂತಿ ಕಡಿಯದ ಆವರಣದಲ್ಲಿ ಹುಟ್ಟಿದ ವ್ಯವಸ್ಥೆ ಅದು. ನಮ್ಮ ಹೋಬಳಿಯವರು ಯಾರಾದರೂ ಆ ಸಮಿತಿಯಲ್ಲಿದ್ದಿದ್ದರೆ ಮೊದಲ ದಿನವೇ ಕೈಯೆತ್ತಿ ಕೇಳುತ್ತಿದ್ದರು.

ಅಕ್ಷರಗಳ ಮಟ್ಟಿಗೆ ಪರಿಹಾರ ಅದೇ 1987ರಲ್ಲಿಯೇ ದೊರಕಿತು. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ಎಂಬಿಬ್ಬರು 'ಸ್ಕ್ರೀನ್' ಎಂಬ ಸಣ್ಣ ಪ್ರೋಗ್ರಾಮು ಬರೆದರು. ಅದು ದೂರದ ಯಂತ್ರದಲ್ಲಿಯೇ ಕುಳಿತು, ನಿಮ್ಮ ಟರ್ಮಿನಲ್ಲಿನ ಹಾಗೆ ನಟಿಸುತ್ತದೆ. ಕೆಲಸವು ಅದರೊಂದಿಗೆ ಮಾತಾಡುತ್ತದೆ, ಅದು ನಿಮ್ಮೊಂದಿಗೆ ಮಾತಾಡುತ್ತದೆ. ನೀವು ಕಣ್ಮರೆಯಾದರೂ ಕೆಲಸಕ್ಕೆ ಗೊತ್ತಾಗುವುದಿಲ್ಲ. ನೀವು ತಿರುಗಿ ಬಂದಾಗ, "ಬಾರಪ್ಪ, ನೀನಿಲ್ಲದಾಗ ಇಷ್ಟು ನಡೆಯಿತು" ಎಂದು ತೋರಿಸುತ್ತದೆ.

ಚಿತ್ರದ ಕಿಟಕಿಗಳಿಗೆ ಈ ಭಾಗ್ಯ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಕೇಂಬ್ರಿಜ್‌ನಲ್ಲಿ ಒಲಿವೆಟ್ಟಿ ಕಂಪನಿ ಕಟ್ಟಿದ್ದ ಸಂಶೋಧನಾಲಯದಿಂದ 1998ರಲ್ಲಿ 'ವಿಎನ್‌ಸಿ' ಹೊರಬಂದಿತು. ಇದರಲ್ಲಿ ದೂರದ ಯಂತ್ರದಲ್ಲಿಯೇ ಒಂದು ಇಡೀ ಮೇಜು, ಅಂದರೆ ಡೆಸ್ಕ್‌ಟಾಪ್, ಇರುತ್ತದೆ. ನಿಮಗೆ ಬರುವುದು ಅದರ ಚಿತ್ರ. ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಎದ್ದು, ಬೇರೊಂದು ಊರಿನಲ್ಲಿ ಕುಳಿತು ಉಳಿದರ್ಧ ಬರೆಯಬಹುದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಸರ್ ಅವರ ಬಗ್ಗೆ ಒಂದು ಮಾತು ಹೇಳದಿರಲಾರೆ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಕಾಫಿ ಪಾತ್ರೆ ಒಂದೇ ಇತ್ತು. ಬೇರೆ ಮಹಡಿಯವರು ಮೆಟ್ಟಿಲಿಳಿದು ಬಂದರೆ ಪಾತ್ರೆ ಖಾಲಿ. ಅದಕ್ಕಾಗಿ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟು, ತಮ್ಮ ಮೇಜಿನಲ್ಲಿಯೇ ಕಾಫಿಯ ಮಟ್ಟ ನೋಡುವ ಹಾಗೆ ಮಾಡಿದವರಲ್ಲಿ ಇವರೂ ಒಬ್ಬರು. ಕಾಫಿ ಪಾತ್ರೆಗೂ ಕೆರೆ ಅಂಗಳಕ್ಕೂ ತತ್ತ್ವ ಒಂದೇ: ವಸ್ತು ಅಲ್ಲೇ ಇರಲಿ, ಚಿತ್ರ ಇಲ್ಲಿ ಬರಲಿ.

ಇದೇ ತತ್ತ್ವ ನಮ್ಮ ಆಸುಪಾಸಿಗೆ ಮೊದಲು ಬಂದದ್ದು ಬಡತನದ ಲೆಕ್ಕಾಚಾರದಿಂದ. ಗಡಿಯಾಚೆಯ ಮಡಕಶಿರಾ ಸೀಮೆ ನಿಮಗೆ ಗೊತ್ತು; ಅಂದು ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಅಮರಾಪುರದ ಕಡೆ ಕನ್ನಡದ ಮನೆಗಳು ಇಂದಿಗೂ ಇವೆ, ನಮಗೂ ಅಲ್ಲಿ ಬೀಗರಿದ್ದಾರೆ. ಆಗಿನ ಅವಿಭಜಿತ ಆಂಧ್ರದಲ್ಲಿ 2008ರಲ್ಲಿ 5,000 ಶಾಲೆಗಳಿಗೆ ಎನ್‌ಕಂಪ್ಯೂಟಿಂಗ್ ಎಂಬ ಅಮೆರಿಕನ್ ಕಂಪನಿಯ ಸಣ್ಣ ಪೆಟ್ಟಿಗೆಗಳನ್ನು ಹಾಕುವ ಯೋಜನೆ ಬಂದಿತು. ನಿಜವಾದ ಕಂಪ್ಯೂಟರು ಒಂದೇ. ಅದರಿಂದ ಹಲವು ಪರದೆ, ಹಲವು ಕೀಲಿಮಣೆ. ಪ್ರತಿ ಮಗುವಿಗೂ ತನ್ನದೇ ಕಂಪ್ಯೂಟರು ಎಂಬ ಭಾವನೆ. ಬಿ.ಎಡ್. ಓದುವಾಗ ಮ್ಯಾಜಿಕ್ ಲ್ಯಾಂಟರ್ನನ್ನು ಕೂಡ ಬರಿಯ ಪುಸ್ತಕದಲ್ಲಿ ನೋಡಿ ಪರೀಕ್ಷೆ ಬರೆದ ನನ್ನಂಥವನಿಗೆ ಇದು ಸಣ್ಣ ಮಾತಲ್ಲ. ಆದರೆ ಇಂಥ ಏರ್ಪಾಟಿನಲ್ಲಿ ನಡುವಿನ ಒಂದು ಯಂತ್ರ ಮಲಗಿದರೆ ಎಲ್ಲ ಪರದೆಗಳೂ ಮಲಗುತ್ತವೆ. ದುಡ್ಡು ಉಳಿಯುತ್ತದೆ, ನಿಶ್ಚಿಂತೆ ಹೆಚ್ಚುವುದಿಲ್ಲ.

ನಮ್ಮ ರಾಜ್ಯದ ಪಹಣಿಯ ಕಥೆಯೂ ಇದರ ದಾಯಾದಿಯೇ. ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ತಾಲ್ಲೂಕು ಕಚೇರಿಯ ಕಂಪ್ಯೂಟರು ಸೇರಿದವು, ಹದಿನೈದು ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ. 2006ರ ನಂತರ ನೆಮ್ಮದಿ ಕೇಂದ್ರಗಳು ಹೋಬಳಿಗೆ ಬಂದಾಗ ದಾಖಲೆ ದೂರದಲ್ಲಿಯೇ ಉಳಿದು, ಕಾಗದ ಮಾತ್ರ ಹತ್ತಿರ ಬಂದಿತು. ಶಿರಾಕ್ಕೆ ಹೋಗಿ ದಿನ ಕಳೆಯುವುದು ತಪ್ಪಿತೆಂದು ಹಿಗ್ಗಿದವರಲ್ಲಿ ನನ್ನ ತಮ್ಮನೂ ಒಬ್ಬ.

ಮಗು ಬಳಸುತ್ತಿದ್ದ ಸಾಧನದ ಹೆಸರು 'ಎಕ್ಸ್‌ಪ್ರಾ'. 2008ರ ಸುಮಾರಿಗೆ ನಥಾನಿಯೆಲ್ ಸ್ಮಿತ್ ಎಂಬವರು ಬರೆಯಲಾರಂಭಿಸಿದ್ದು, ಆಮೇಲೆ ಆಂಟ್ವಾನ್ ಮಾರ್ಟಿನ್ ಎಂಬವರು ಬೆಳೆಸಿದ್ದು. ಬರ್ಲಿನ್ನಿನ 'ಸ್ಕ್ರೀನ್' ಅಕ್ಷರಗಳಿಗೆ ಮಾಡಿದ್ದನ್ನು ಇದು ಎಕ್ಸ್‌ನ ಕಿಟಕಿಗಳಿಗೆ ಮಾಡುತ್ತದೆ. ತೊಗಲುಬೊಂಬೆಯ ಮಾತಿನಲ್ಲಿಯೇ ಹೇಳುವುದಾದರೆ, ಬೆಂಗಳೂರಿನಲ್ಲಿಯೇ, ಕಥೆಗಾರನ ಎದುರಿಗೇ, ಯಾರ ಕಣ್ಣಿಗೂ ಕಾಣದ ಒಂದು ಪರದೆ ಕಟ್ಟುತ್ತದೆ. ಆಟ ಅಲ್ಲಿ ನಡೆಯುತ್ತದೆ. ಪಕ್ಕದಲ್ಲಿ ಒಬ್ಬ ಚಿತ್ರಗಾರ ಕುಳಿತು, ಪರದೆಯಲ್ಲಿ ಬದಲಾದ ಭಾಗವನ್ನಷ್ಟೇ ಬರೆದು ಗೌಡಗೆರೆಗೆ ಕಳಿಸುತ್ತಾನೆ. ಗೌಡಗೆರೆಯಲ್ಲಿ ದೀಪ ಆರಿದರೆ ಅವನು ಕುಂಚ ಕೆಳಗಿಟ್ಟು ಕಾಯುತ್ತಾನೆ, ಕಥೆ ನಿಲ್ಲುವುದಿಲ್ಲ. ವಿಎನ್‌ಸಿಯಂತೆ ಇಡೀ ಮೇಜನ್ನು ಹೊತ್ತು ತರುವುದೂ ಬೇಡ, ಬೇಕಾದ ಕಿಟಕಿಯೊಂದನ್ನೇ ತಂದು ನಮ್ಮ ಕಂಪ್ಯೂಟರಿನ ಬೇರೆ ಕಿಟಕಿಗಳ ನಡುವೆ ನಿಲ್ಲಿಸುತ್ತದೆ. ಹಾದಿಯಲ್ಲಿ ಯಾರೂ ಇಣುಕದಂತೆ ಎಲ್ಲವೂ 'ಎಸ್ಎಸ್ಎಚ್' ಎಂಬ ಮುಚ್ಚಿದ ಕೊಳವೆಯೊಳಗೆ ಬರುತ್ತದೆ. 1995ರಲ್ಲಿ ಫಿನ್ಲೆಂಡಿನ ಟಾಟು ಯುಲೋನೆನ್ ತನ್ನ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳ್ಳತನ ನಡೆದ ಮೇಲೆ ಅದನ್ನು ರಚಿಸಿದ. ಸಿಗ್ನಲ್ ಸೊರಗಿದರೆ ಚಿತ್ರ ಮೊದಲು ಮಸುಕಾಗಿ ಬಂದು, ಕೈ ನಿಲ್ಲಿಸಿದ ಕ್ಷಣದಲ್ಲಿ ನಿಚ್ಚಳವಾಗುತ್ತದೆ. ಮೋಡ ಕವಿದ ದಿನ ನಾನು ಪಕ್ಕದಲ್ಲಿ ನಿಂತು ಎಷ್ಟೋ ಸಲ ಅದನ್ನು ನೋಡಿದ್ದೇನೆ, ಕೆರೆಯೊಂದು ಮಂಜಿನೊಳಗಿನಿಂದ ಹೊರಬಂದ ಹಾಗೆ.

ಒಂದು ಅಡ್ಡಿ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಕೆರೆಗಳ ಹೆಸರನ್ನು ನಕ್ಷೆಯಲ್ಲಿ ಕನ್ನಡದಲ್ಲಿಯೇ ಬರೆಯಬೇಕೆಂದು ಅವಳಿಗೆ ಆಸೆ. ಹೆಸರು ಹೇಳಿ ಬರೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬರೆದರೆ ಪರದೆಯ ಮೇಲೆ ಬರಿಯ ಚೌಕಗಳು! ನನ್ನ ಕಂಪ್ಯೂಟರಿನಲ್ಲಿ ಕನ್ನಡ ಚೆನ್ನಾಗಿಯೇ ಇದೆ, ಈ ಲೇಖನವನ್ನು ಬರೆಯುತ್ತಿರುವುದೂ ಅದರಲ್ಲಿಯೇ. ಆದರೆ ಆ ಕಿಟಕಿಯ ಅಕ್ಷರ ಮೂಡುವುದು ಬೆಂಗಳೂರಿನಲ್ಲಿ, ಅಲ್ಲಿನ ಯಂತ್ರಕ್ಕೆ ಕನ್ನಡದ ಫಾಂಟು ಯಾರೂ ಹಾಕಿರಲಿಲ್ಲ. ಹತ್ತಾರು ಜನ ಕನ್ನಡಿಗರು ಓಡಾಡುವ ಜಾಗದಲ್ಲಿ ಒಬ್ಬರಿಗೂ ಅಷ್ಟು ದಿನ ಬೇಕೆನಿಸಿರಲಿಲ್ಲವೆಂಬುದು ನನಗೆ ಸ್ವಲ್ಪ ಬೇಸರ ತರಿಸಿತು. ಅವಳು ಪತ್ರ ಬರೆದು ಲೋಹಿತ್ ಕನ್ನಡ ಫಾಂಟನ್ನು ಹಾಕಿಸಿದಳು. ಮಾರನೆಯ ದಿನ ಚೌಕಗಳಿದ್ದ ಜಾಗದಲ್ಲಿ ಮದಲೂರು ಎಂದು ಮೂಡಿತು, ಆಮೇಲೆ ಕಳ್ಳಂಬೆಳ್ಳ.

ಎಕ್ಸ್‌ನ ಕಾಲವೂ ಈಗ ಇಳಿಮುಖವಾಗಿದೆ ಎನ್ನುತ್ತಾಳೆ. 2008ರಲ್ಲಿ ಆರಂಭವಾದ 'ವೇಲ್ಯಾಂಡ್' ಎಂಬ ಹೊಸ ಪದ್ಧತಿ ಲಿನಕ್ಸ್ ಯಂತ್ರಗಳಲ್ಲಿ ಅದರ ಜಾಗಕ್ಕೆ ಬರುತ್ತಿದೆ. ದೂರದಿಂದ ಕಿಟಕಿ ತೆರೆಯುವುದು ಅದರ ಮೂಲ ರಚನೆಯಲ್ಲಿ ಇಲ್ಲ, ಹೊರಗಿನಿಂದ ಜೋಡಿಸಿಕೊಳ್ಳಬೇಕು. ಅತ್ತ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಎಂಬ ಮಹಾಗಣಕ ಸ್ಥಾಪನೆಯಾಯಿತು. ಅಂಥ ಯಂತ್ರಕ್ಕೆ ಕೆಲಸವನ್ನು ಸಾಲಿಗೆ ಹಚ್ಚಿ ಎದ್ದು ಹೋಗುವುದೇ ಇಂದಿಗೂ ವಾಡಿಕೆ, ಐಬಿಎಂ ಕಾರ್ಡಿನ ಕಾಲದ ಹಾಗೆಯೇ.

2021ರ ಜನವರಿಯಲ್ಲಿ, ಕಡಲೆಕಾಯಿ ಒಕ್ಕಣೆಯೆಲ್ಲ ಮುಗಿದು, ತಮ್ಮನೂ ಚೇತರಿಸಿಕೊಂಡ ಮೇಲೆ, ಅವಳು ಬೆಂಗಳೂರಿಗೆ ಹೊರಟಳು. ಹೊರಡುವ ಬೆಳಿಗ್ಗೆ ಕೂಡ ಬಸ್ಸಿನ ಹೊತ್ತಿನವರೆಗೆ ಕೆಲಸ ಮಾಡುತ್ತಲೇ ಇದ್ದಳು. ಏನನ್ನೂ ಮುಚ್ಚಲಿಲ್ಲ, ನೇರವಾಗಿ ಕಂಪ್ಯೂಟರಿನ ಸ್ವಿಚ್ಚು ಆರಿಸಿದಳು. ನಾನು ಅಭ್ಯಾಸಬಲದಿಂದ "ಸೇವ್ ಮಾಡಿದೆಯೇನಮ್ಮ?" ಎಂದೆ. ನಕ್ಕು ಕಾಲಿಗೆ ನಮಸ್ಕರಿಸಿ ಹೋದಳು. ಸಂಜೆ ಲ್ಯಾಬಿನಿಂದ ಮೊಬೈಲಿಗೆ ಒಂದು ಫೋಟೋ ಬಂದಿತು. ಹತ್ತು ತಿಂಗಳಿನಿಂದ ಬೀಗ ಹಾಕಿದ್ದ ಕೊಠಡಿ, ಧೂಳು ಹಿಡಿದ ಮೇಜು, ಅದರ ಮೇಲಿನ ಪರದೆಯಲ್ಲಿ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಬಿಟ್ಟುಹೋದ ಕಿಟಕಿ. ಮದಲೂರು ಕೆರೆಯ ಸುತ್ತ ಎಳೆಯುತ್ತಿದ್ದ ನೀಲಿ ಗೆರೆ ಪಶ್ಚಿಮದ ಏರಿಯವರೆಗೆ ಬಂದು ನಿಂತಿತ್ತು.